ಅರ್ಧ ಬೆರಳಿನಷ್ಟು ಎಡಕ್ಕೆ

ಬಳ್ಳಾರಿ ಕಂಟೋನ್ಮೆಂಟಿನ ಕ್ಲಬ್ಬಿನಲ್ಲಿ ಜಂಬಣ್ಣ ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಸೋಲುವುದು. ಕಾಗದದಲ್ಲಿ ಅವನ ಹುದ್ದೆ ಮಾರ್ಕರ್ ಎಂದಿತ್ತು. ಬಿಲಿಯರ್ಡ್ಸ್ ಮೇಜಿನ ಹಸಿರು ಬನಾತು ಉಜ್ಜಬೇಕು, ದಂತದ ಮೂರು ಚೆಂಡು ಒರೆಸಬೇಕು, ಸಾಹೇಬರು ಆಡುವಾಗ ಅಂಕ ಕೂಗಬೇಕು, ಜೊತೆಯಿಲ್ಲದ ಸಾಹೇಬ ಬಂದರೆ ತಾನೇ ಕೋಲು ಹಿಡಿದು ಎದುರಾಡಬೇಕು. ಎದುರಾಡಿ ಸೋಲಬೇಕು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬರೆದು ತಿಳಿಸಬೇಕಾದಂಥ ದಡ್ಡರು ಅಲ್ಲಿ ಕೆಲಸಕ್ಕೆ ನಿಲ್ಲುತ್ತಲೂ ಇರಲಿಲ್ಲ.

ಆ ವಿದ್ಯೆಯನ್ನು ಅವನಿಗೆ ಕಲಿಸಿದವನು ಹಿಂದಿನ ಮಾರ್ಕರ್, ಸಿರುಗುಪ್ಪದ ಕೊಟ್ಟೂರಪ್ಪ.

"ನೋಡು ತಮ್ಮಾ, ಚೆಂಡಿನ ನಡುವಿಗೆ ಹೊಡದ್ರ ನೆಟ್ಟಗ ಹೋಗತೈತಿ. ಎಡಮಗ್ಗಲಿಗೆ ಹೊಡದ್ರ ಗಿರಗಿರ ತಿರುಗತೈತಿ, ಆದ್ರ ಹೋಗಾಕ ಹತ್ತಿದಾಗ ಒಂದೀಟು ಬಲಕ್ಕ ಸರಿತೈತಿ. ಗೆಲ್ಲಬೇಕನ್ನಾವ ಅಷ್ಟು ಎಡಕ್ಕ ಗುರಿ ಹಿಡಿತಾನ. ನೀ ಹಿಡಿಬ್ಯಾಡ."

ಕೆಂಪು ಚೆಂಡಿನ ನಟ್ಟನಡುವಿಗೆ ಗುರಿಯಿಟ್ಟು, ಕಡೆಯ ಗಳಿಗೆಯಲ್ಲಿ ಕೋಲಿನ ತುದಿಯನ್ನು ತಾನು ಹೊಡೆಯುವ ಬಿಳಿ ಚೆಂಡಿನ ಎಡಕ್ಕೆ ಜಾರಿಸಿದರೆ ಆಯಿತು. ಬಿಳಿಯದು ಅರ್ಧ ಬೆರಳಿನಷ್ಟು ಬಲಕ್ಕೆ ಸರಿದು ತಾಗುತ್ತದೆ, ಕೆಂಪು ಚೆಂಡು ಮೇಜಿನ ಮೂಲೆಗೆ ಕಟ್ಟಿದ ಚೀಲದ ತುಟಿಯವರೆಗೆ ಹೋಗಿ ನಿಲ್ಲುತ್ತದೆ. ನೋಡಿದವರಿಗೆ ಅದ್ಭುತವಾದ ಹೊಡೆತ, ಪಾಪ, ಕೂದಲೆಳೆಯಲ್ಲಿ ತಪ್ಪಿತು ಅನ್ನಿಸುತ್ತದೆ.

"ನೂರಕ್ಕ ಆಟ. ತೊಂಬತ್ತರ ಮಟ ಖರೇನ ಆಡು, ದೊರಿಗೆ ಬೆವರು ಬರಬೇಕು. ತೊಂಬತ್ತು ದಾಟಿತು, ಕೈ ಜಾರಿಸಿಬಿಡು," ಎಂದು ಹೇಳಿಕೊಟ್ಟು ಕೊಟ್ಟೂರಪ್ಪ ತನ್ನೂರಿಗೆ ಹೋದ. ಹೋದವನು ಮತ್ತೆ ಬರಲಿಲ್ಲ. ಅವನನ್ನು ನೆನೆದಾಗಲೆಲ್ಲ ಜಂಬಣ್ಣನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಜಂಬಣ್ಣನಿಗೂ ಈ ಕೆಲಸ ಸಾಕಾಗಿತ್ತು. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು. ಕುರುಗೋಡಿನಲ್ಲಿ ಹೆಂಡತಿ ಶಿವಬಸಮ್ಮ ಇದ್ದಳು. ಹಬ್ಬಕ್ಕೆ ಎರಡು ದಿನ ಹೋಗಿ ಉಂಡು, ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಗಾಡಿ ಹತ್ತುವುದೇ ಅವನ ಸಂಸಾರವಾಗಿತ್ತು. ಬಿಟ್ಟು ಹೋಗೋಣವೆಂದರೆ ಬಿಡುಗಡೆಯ ಚೀಟಿ ಬೇಕು. ಚೀಟಿಯಿಲ್ಲದೆ ಹೋದವನನ್ನು ಓಡಿಹೋದ ಆಳು ಎಂದು ಬರೆದುಕೊಳ್ಳುತ್ತಿದ್ದರು, ಅವನಿಗೆ ಜಾಮೀನು ನಿಂತವನನ್ನೂ ಹೊರಗೆ ಹಾಕುತ್ತಿದ್ದರು. ಜಾಮೀನು ನಿಂತಿದ್ದವನು ಶಿವಬಸಮ್ಮನ ತಮ್ಮ ರಾಮಪ್ಪ. ಅದೇ ಕ್ಲಬ್ಬಿನ ತೋಟಕ್ಕೆ ನೀರು ಹಾಕಿ ಅವನು ನಾಲ್ಕು ಮಕ್ಕಳನ್ನು ಸಾಕುತ್ತಿದ್ದ.

ಚೀಟಿಗೆ ಸಹಿ ಹಾಕಬೇಕಾದವನು ಕ್ಲಬ್ಬಿನ ಸೆಕ್ರೆಟರಿ ಸಾಹೇಬ. ಒಂಬತ್ತು ವರ್ಷದಿಂದ ಅವನೇ. ಪ್ರತಿ ಯುಗಾದಿಗೆ ಜಂಬಣ್ಣ ಕೈಮುಗಿದು ಕೇಳುತ್ತಿದ್ದ. ಪ್ರತಿ ಸಲವೂ ಸಾಹೇಬ ತನ್ನ ಮುರುಕು ಹಿಂದೂಸ್ತಾನಿಯಲ್ಲಿ, ನನ್ನನ್ನು ಒಂದು ಸಲ ಸೋಲಿಸು, ಅವತ್ತೇ ಸಹಿ ಹಾಕುತ್ತೇನೆ ಎಂದು ನಗುತ್ತಿದ್ದ. ಜಂಬಣ್ಣನೂ ನಗುತ್ತಿದ್ದ. ದೊರೆ ತಮಾಷೆ ಮಾಡಿದಾಗ ನಗುವುದೂ ಕೆಲಸದಲ್ಲೇ ಸೇರಿತ್ತು.

ಈ ಸಲದ ಯುಗಾದಿ ಕಳೆದು, ಗುಡ್ಡದ ಬಂಡೆಗಳು ಕಾದು ಊರಿಗೆಲ್ಲ ಝಳ ಹೊಡೆಯುವ ಹೊತ್ತಿನಲ್ಲಿ, ಕುರುಗೋಡಿಗೆ ಹೋಗಿಬಂದ ರಾಮಪ್ಪ ಅಕ್ಕನ ಮಾತು ತಂದ. ಹೇಳಲು ಅವನಿಗೇ ಬಾಯಿ ಬರಲಿಲ್ಲ.

"ಮಾವಾ, ಅಕ್ಕ ಹೇಳ್ಯಾಳ. ಬಂದ್ರ ಗಂಟು ಕಟಿಗೊಂಡು ಪೂರಾ ಬರ್ರಿ ಅಂತ. ಎರಡು ದಿನಕ್ಕ ಅಂದ್ರ ಬರಬ್ಯಾಡ್ರಿ ಅಂತ."

"ಸಿಟ್ಟಿನಾಗ ಅಂದ್ಲೇನು?"

"ಇಲ್ರಿ. ಅಕ್ಕಿ ಆರಿಸ್ತಿದ್ಲು. ತಲಿ ಎತ್ತದಂಗ ಅಂದ್ಲು."

ಸಿಟ್ಟಿನಲ್ಲಿ ಅಂದಿದ್ದರೆ ಜಂಬಣ್ಣನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಶಿವಬಸಮ್ಮ ಸಿಟ್ಟಿಲ್ಲದೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡವಳಲ್ಲ.

ಮರುದಿನ ಮಧ್ಯಾಹ್ನ ಸಾಹೇಬ ಆಟಕ್ಕೆ ಬಂದ. ಬೆತ್ತದ ಕುರ್ಚಿಗಳಲ್ಲಿ ಇನ್ನಿಬ್ಬರು ಅಧಿಕಾರಿಗಳು ಕೂತಿದ್ದರು. ಜಂಬಣ್ಣ ಕೋಲಿಗೆ ಸೀಮೆಸುಣ್ಣ ತಿಕ್ಕುತ್ತ, ಅವರಿಬ್ಬರಿಗೂ ಕೇಳುವಂತೆ, ಹುಜೂರರು ಪ್ರತಿ ವರ್ಷ ಹೇಳುವ ಆ ಮಾತಿನ ಮೇಲೆ ಇವತ್ತು ಆಡೋಣವೇ ಎಂದು ಕೇಳಿದ. ಸಾಹೇಬ ಹುಬ್ಬೇರಿಸಿದ. ಆಮೇಲೆ, ಆಗಲಿ ಎಂದ. ಕುರ್ಚಿಯವರು ಚುಟ್ಟಾ ಕೆಳಗಿಟ್ಟರು.

ತೊಂಬತ್ತರವರೆಗೆ ಜಂಬಣ್ಣನಿಗೆ ಏನೂ ಅನ್ನಿಸಲಿಲ್ಲ. ಎಂಬತ್ತೊಂಬತ್ತರಿಂದ, ಮೂರು ಚೆಂಡೂ ಕೂಡಿಬಂದ ಒಂದೇ ಹೊಡೆತಕ್ಕೆ ಅವನು ತೊಂಬತ್ತೇಳಕ್ಕೆ ಬಂದಾಗ ಸಾಹೇಬನದು ಎಂಬತ್ತೆಂಟು. ಇನ್ನು ಕೆಂಪು ಚೆಂಡನ್ನು ಒಂದು ಸಲ ಚೀಲಕ್ಕೆ ಹಾಕಿದರೆ ಮೂರು ಅಂಕ, ಅಲ್ಲಿಗೆ ಮುಗಿಯಿತು. ಚೆಂಡು ಚೀಲಕ್ಕೆ ನೇರವಾಗಿ ನಿಂತಿತ್ತು, ಹೊಸಬ ಕೂಡ ಹಾಕಬಹುದಾದ ಹೊಡೆತ. ಜಂಬಣ್ಣ ನಡುವಿಗೆ ಗುರಿಯಿಟ್ಟು ಹೊಡೆದ. ಕೆಂಪು ಚೆಂಡು ಚೀಲದ ತುಟಿಗೆ ತಾಗಿ ಹೊರಗೆ ಉರುಳಿತು.

"ನೈಂಟಿ-ಸೆವೆನ್, ಎಯ್ಟಿ-ಎಯ್ಟ್," ಎಂದು ಅವನೇ ಕೂಗಿದ. ತನ್ನ ಸೋಲನ್ನು ತಾನೇ ಕೂಗುವುದು ರೂಢಿಯಾಗಿತ್ತು.

ಸಾಹೇಬ ತೊಂಬತ್ತೆರಡಕ್ಕೆ ಬಂದು ತಪ್ಪಿದ. ಜಂಬಣ್ಣ ಮತ್ತೆ ಬಗ್ಗಿದ. ಮತ್ತೆ ಕೂದಲೆಳೆಯಲ್ಲಿ ತಪ್ಪಿತು. ಈ ಸಲ ಅವನು ನೋಡಿದ್ದು ಚೆಂಡನ್ನಲ್ಲ, ತನ್ನ ಮಣಿಕಟ್ಟನ್ನು. ಅವನು ಹೇಳದಿದ್ದರೂ ಕಡೆಯ ಗಳಿಗೆಯಲ್ಲಿ ಅದು ಎಡಕ್ಕೆ ಜಾರಿತ್ತು. ಇಪ್ಪತ್ತೆರಡು ವರ್ಷ ತೊಂಬತ್ತರ ಮೇಲೆ ಜಾರಿದ ಕೈ, ಇವತ್ತು ಬೇಡವೆಂದರೂ ಜಾರುತ್ತಿತ್ತು. ಮನೆಗೆ ಹೋಗಬೇಕೆಂಬುದು ಅವನಿಗೆ ಗೊತ್ತಿತ್ತು, ಅವನ ಕೈಗೆ ಗೊತ್ತಿರಲಿಲ್ಲ.

ಸಾಹೇಬನೂ ತೊಂಬತ್ತೇಳಕ್ಕೆ ಬಂದ, ಹೊಡೆದ, ತಪ್ಪಿದ. ಕೆಂಪು ಚೆಂಡು ಮತ್ತೆ ಚೀಲಕ್ಕೆ ನೇರವಾಗಿ ನಿಂತಿತು. ಇನ್ನು ತಪ್ಪಿದರೆ ಸಾಹೇಬನಿಗೆ ಅದು ಎತ್ತಿ ಕೊಟ್ಟಂತೆ.

ಜಂಬಣ್ಣ ಬಗ್ಗಲಿಲ್ಲ. ಕೋಲು ಊರಿಕೊಂಡು ಸುಮ್ಮನೆ ನಿಂತ. ತಲೆಯ ಮೇಲೆ ಬೀಸುವ ಪಂಕಾದ ಹಗ್ಗ ಕಿರ್ರೆನ್ನುತ್ತಿತ್ತು. ಈ ಕೈಯನ್ನು ಇವತ್ತು ತಿದ್ದಲಾಗುವುದಿಲ್ಲ, ಇದು ಜಾರಿಯೇ ಜಾರುತ್ತದೆ, ಅರ್ಧ ಬೆರಳೇ ಜಾರುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಾಗಾದರೆ ಜಾರಲಿ. ಕೊಟ್ಟೂರಪ್ಪ ಬೇಡವೆಂದ ಆ ಗುರಿಯನ್ನೇ ಅವನು ಮೊದಲ ಸಲ ಹಿಡಿದ, ಕೆಂಪು ಚೆಂಡಿನ ನಡುವಿನಿಂದ ಅರ್ಧ ಬೆರಳಿನಷ್ಟು ಎಡಕ್ಕೆ. ಕುರ್ಚಿಯಲ್ಲಿದ್ದವನೊಬ್ಬ ಅದನ್ನು ಕಂಡು ಸಣ್ಣಗೆ ನಕ್ಕ. ಕೈ ಜಾರಿತು. ಬಿಳಿ ಚೆಂಡು ಬಲಕ್ಕೆ ಸರಿದು ಕೆಂಪಿನ ನಟ್ಟನಡುವಿಗೆ ತಾಗಿತು, ಕೆಂಪು ಚೆಂಡು ಚೀಲದೊಳಕ್ಕೆ ಬಿತ್ತು.

ಅಂಕದ ಹಲಗೆಯಲ್ಲಿ ಅವನ ಸಾಲಿನ ಹಿತ್ತಾಳೆ ಮುಳ್ಳು ಒಂದು ದಿನವೂ ನೂರಕ್ಕೆ ಹೋಗಿರಲಿಲ್ಲ. ಕಿಲುಬು ಹಿಡಿದು ತೊಂಬತ್ತೊಂಬತ್ತರಲ್ಲಿ ನಿಂತುಬಿಟ್ಟಿತು. ಹೆಬ್ಬೆರಳಿನಿಂದ ನೂಕಬೇಕಾಯಿತು. ಸಾಹೇಬ ಬಹಳ ಹೊತ್ತು ಹಲಗೆಯನ್ನೇ ನೋಡಿದ. ಆಮೇಲೆ ಮಸಿ ತರಲು ಹೇಳಿದ.

ಎರಡು ದಿನ ಕಳೆದ ಮೇಲೆ ಜಂಬಣ್ಣ ಗಂಟು ಹೊತ್ತು ಕುರುಗೋಡಿನ ಮನೆಯ ಮುಂದೆ ಇಳಿದ. ಶಿವಬಸಮ್ಮ ಗಂಟು ನೋಡಿದಳು, ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಹಾಕಿದಳು. ಅವನು ಉಣ್ಣುತ್ತ ಎಲ್ಲವನ್ನೂ ಹೇಳಿದ, ಸಾಹೇಬನ ಮಾತು, ಜಾರುವ ಕೈ, ಎಡಕ್ಕೆ ಹಿಡಿದ ಗುರಿ. ಹೇಳುತ್ತ ಹೇಳುತ್ತ ದನಿ ಸ್ವಲ್ಪ ಏರಿತು. ಗೆದ್ದ ಕತೆ ಹೇಳಿ ಅವನಿಗೆ ರೂಢಿಯಿರಲಿಲ್ಲ.

ಅವಳು ಕೊನೆಯವರೆಗೂ ಕೇಳಿದಳು.

"ಗೆದ್ರ ಬಿಡತೀನಿ ಅಂತ ಆ ದೊರಿ ಯಾವಾಗಿಂದ ಅಂತಿದ್ದ?"

"ಅವ ಬಂದಾಗಿಂದ. ಒಂಬತ್ತು ವರ್ಷ ಆತು."

"ಆಟ ಆವಾಗೂ ಬರತಿತ್ತಲ್ರಿ ನಿಮಗ?"

"ಬರತಿತ್ತು," ಅಂದ ಜಂಬಣ್ಣ.

ಶಿವಬಸಮ್ಮ ಎದ್ದಳು. ಇನ್ನೊಂದು ರೊಟ್ಟಿ ತರಲು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಜಂಬಣ್ಣ ಎಂಜಲು ಒಣಗುತ್ತಿದ್ದ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು ಕೂತಿದ್ದ.