ಹೊಸ ಮಾತ್ರೆ, ಹಳೆ ಮಾತ್ರೆ

ಅಂಗಳದ ಚಪ್ಪಲಿ ರಾಶಿಯ ನಡುವೆಯೇ ಆಸ್ಪತ್ರೆಯ ಡಾಕ್ಟರ್ ರಮ್ಯಶ್ರೀಯ ಮುಂಗೈಯನ್ನು ಚಂದ್ರಾವತಿ ಹಿಡಿದು ನಿಲ್ಲಿಸಿದರು.

“ಈಗಾದ್ರೂ ಹೇಳಮ್ಮ. ಇವರಿಗೆ ಕೊಟ್ಟದ್ದು ಹೊಸ ಮಾತ್ರೆಯಾ, ಹಳತಾ?”

“ನನಗೂ ಗೊತ್ತಿಲ್ಲ ಆಂಟಿ. ಗೊತ್ತಿರಬಾರದು ಅಂತಲೇ ನಿಯಮ. ಈಗ ಬೇಕಾದ್ರೆ ಪ್ರಯೋಗದ ಆಫೀಸಿಗೆ ಫೋನ್ ಮಾಡಿ ಕೇಳ್ತೀನಿ.”

ಒಳಗೆ ಗಂಡ ಕೃಷ್ಣಾನಂದರು ತಣ್ಣಗೆ ಮಲಗಿದ್ದರು. ಕೊಚ್ಚಿಯಿಂದ ಹೊರಟ ಮಗಳು ನಿಶಾ ಇನ್ನೂ ತಿರುವನಂತಪುರ ಮುಟ್ಟಿರಲಿಲ್ಲ. ಅವಳು ಬರದೆ ಹೆಣ ಎತ್ತುವಂತಿಲ್ಲ. ಹೆಣ ಎತ್ತದೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಚಂದ್ರಾವತಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಯ್ಯೋ, ಹೊಸತು ಸಿಕ್ಕಿದ್ದರೆ ಬದುಕುತ್ತಿದ್ದರೇನೋ! ಅದೊಂದೇ ಹುಳ ತಲೆ ಕೊರೆಯುತ್ತಿತ್ತು.

*

ಹೊಸ ಮಾತ್ರೆಯ ಪ್ರಯೋಗಕ್ಕೆ ಕೃಷ್ಣಾನಂದರು ಸೇರಿದ ದಿನವೇ ಗಂಡ ಹೆಂಡಿರಿಗೆ ಜಗಳವಾಗಿತ್ತು. ಅರ್ಧ ರೋಗಿಗಳಿಗೆ ಹೊಸತು, ಅರ್ಧ ರೋಗಿಗಳಿಗೆ ಹಳತು. ಯಾರಿಗೆ ಯಾವುದೆಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ. ನೋಡಲು ಎರಡೂ ಒಂದೇ.

“ಕೊಚ್ಚಿಯಲ್ಲಿ ಇಂಥ ಪ್ರಯೋಗಗಳ ಲೆಕ್ಕ ಹಾಕಿಯೇ ರಿಟೈರ್ ಆದವರು ನೀವು. ಹೊಸತೇ ಕೊಡಿ ಅಂತ ಒಂದು ಮಾತು ಹೇಳ್ಲಿಕ್ಕೆ ಏನು ಧಾಡಿ?”

“ಹೊಸತೇ ಒಳ್ಳೇದು ಅಂತ ಗೊತ್ತಿದ್ರೆ ಪ್ರಯೋಗ ಯಾಕೆ ಮಾರಾಯ್ತಿ? ಹಳತು ತಿನ್ನುವವರೂ ಬೇಕಲ್ಲ, ಹೋಲಿಸ್ಲಿಕ್ಕೆ!” ಎಂದು ಕೃಷ್ಣಾನಂದರು ನಕ್ಕಿದ್ದರು. ಆ ನಗು ಕಂಡು ಚಂದ್ರಾವತಿಗೆ ಮೈಯೆಲ್ಲ ಉರಿದಿತ್ತು.

*

“ಫೋನ್ ಮಾಡು,” ಎಂದರು ಚಂದ್ರಾವತಿ.

ಅಷ್ಟರಲ್ಲಿ ಕಡಲ ದಂಡೆಯ ಊರು ವಿಳಿಂಜದ ಜೋಸೆಫ್ ಒಳಗೆ ಕೈಮುಗಿದು ಹೊರಬಂದ. ಮಂಗಳೂರಿನ ಮೀನು ಬಂದರಿನ ದಕ್ಕೆಯಲ್ಲಿ ದುಡಿದು ಕನ್ನಡ ಕಲಿತವ. ಅದೇ ಪ್ರಯೋಗಕ್ಕೆ ಸೇರಿ, ಆಸ್ಪತ್ರೆಯ ಬೆಂಚಿನ ಮೇಲೆ ಕೃಷ್ಣಾನಂದರಿಗೆ ಜೊತೆಯಾದವ.

“ಚೇಚ್ಚಿ, ಸಾರ್ ತಿಂದದ್ದು ಯಾವುದು ಅಂತ ಗೊತ್ತಾಯ್ತಾ? ಹೊಸತು ತಿಂದೂ ಹೋದ್ರು ಅಂತಾದ್ರೆ ನಾನು ಇವತ್ತೇ ಬಿಟ್ಟೆ.”

“ಇವತ್ತಿನ ಮಾತ್ರೆ ತಿಂದಾಯ್ತಾ?” ಎಂದರು ಚಂದ್ರಾವತಿ.

“ಇಲ್ಲ. ಊಟದ ಜೊತೆಗಲ್ವಾ. ಸಾವಿನ ಮನೆಯಲ್ಲಿ ಹೇಗೆ ಕೇಳೋದು?”

ರಮ್ಯಶ್ರೀಯ ಫೋನು ಆ ಕಡೆ ರಿಂಗಾಗುತ್ತಿತ್ತು. ಚಂದ್ರಾವತಿ ಜೋಸೆಫನ ಮುಖ ನೋಡಿದರು. ಹೊಸತು ಎಂದರೆ ಇವನು ಮಾತ್ರೆ ಬಿಡುತ್ತಾನೆ. ಹಳತು ಎಂದರೆ ತನ್ನದೂ ಅದೇ ಎಂದು ಕೊರಗುತ್ತಾನೆ. ಆದರೆ ತಿಳಿಯದೆ ತಾನು ಹೇಗೆ ಬದುಕುವುದು?

“ಫೋನ್ ಇಡಮ್ಮ,” ಎಂದರು. “ಬೇಡ.”

ನೆರೆಮನೆಯವರು ಹಿತ್ತಲಲ್ಲಿ ತಂದು ಮುಚ್ಚಿಟ್ಟಿದ್ದ ಗಂಜಿಯನ್ನು ಚಂದ್ರಾವತಿ ತಾವೇ ಬಟ್ಟಲಿಗೆ ಬಡಿಸಿ ತಂದರು.

“ಅತ್ತಿಗೇ, ಹೆಣ ಎತ್ತುವ ಮೊದಲು ಊಟವಾ!” ನಾದಿನಿ ಮೋಹಿನಿ ಬಾಯಿಬಿಟ್ಟಳು. ಚಂದ್ರಾವತಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಂಡನ ಕಾಲಬುಡದಲ್ಲೇ ಜೋಸೆಫನನ್ನು ಕೂರಿಸಿದರು. ಅವನು ಗಂಜಿ ಕುಡಿದು, ಜೇಬಿನಲ್ಲಿದ್ದ ಮಾತ್ರೆ ನುಂಗಿ, ಮಗುವಿನಂತೆ ಬಾಯಿ ತೆರೆದು ತೋರಿಸುವವರೆಗೂ ನೀರಿನ ಲೋಟ ಹಿಡಿದು ಅಲ್ಲೇ ನಿಂತರು.