ಮೂರನೆಯ ಅಧ್ಯಾಯ

"ಮೂರನೆಯ ಅಧ್ಯಾಯಕ್ಕೆ ಬರೋಣ," ಎಂದು ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಳ ಮಹಾಪ್ರಬಂಧದ ಪುಟ ತಿರುವಿದರು. "ಯಂತ್ರಗಳ ಗದ್ದಲದಲ್ಲಿ ಹೊಲಿಗೆ ಕಾರ್ಖಾನೆಯ ಹೆಂಗಸರು ಕೈಸನ್ನೆಯಲ್ಲೇ ಮಾತಾಡ್ಕೊಳ್ಳೋದು. ಒಳ್ಳೇ ವಿಷಯ. ಆದ್ರೆ ಇದನ್ನ ನಿಮ್ಮ ಮಾರ್ಗದರ್ಶಕರು ಹೋದ ವರ್ಷವೇ ಬರೆದಿದ್ದಾರಲ್ಲಮ್ಮ? ಉದಾಹರಣೆಗಳೂ ಅವೇ. ಅವರ ಹೆಸರೇ ಎಲ್ಲೂ ಇಲ್ಲ."

ಅವಳು ಮಾರ್ಗದರ್ಶಕರ ಮುಖ ನೋಡಿದಳು. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

ಆ ಅಧ್ಯಾಯ ತಿದ್ದುಪಡಿಗೆಂದು ಅವರ ಮೇಜು ಸೇರಿ ತಿಂಗಳುಗಟ್ಟಲೆ ಅಲ್ಲೇ ಕೊಳೆತಿತ್ತು. ಕೇಳಿದಾಗಲೆಲ್ಲ ನೋಡೋಣಮ್ಮ, ಏನವಸರ ಎನ್ನುತ್ತಿದ್ದರು. ಕೊನೆಗೆ ಅದು ಹೊರಬಂದದ್ದು ಸಂಶೋಧನಾ ಪತ್ರಿಕೆಯೊಂದರಲ್ಲಿ, ಅವರೊಬ್ಬರ ಹೆಸರಿನಲ್ಲಿ. ಜೋಡಿ ಹೆಸರಿಗೆ ಪತ್ರಿಕೆಯವರು ಒಪ್ಪಲಿಲ್ಲವೆಂದು ಸಮಾಧಾನ ಹೇಳಿದ್ದರು. ಅವಳು ನುಂಗಿಕೊಂಡಿದ್ದಳು. ಸಹಿ ಹಾಕಬೇಕಾದ ಕೈಯೊಡನೆ ಜಗಳವಾಡುವುದುಂಟೆ? ಆದರೆ ತಾನೇ ಬರೆದ ಮಾತಿನಡಿ ಅವರ ಹೆಸರು ಹಾಕಲು ಮಾತ್ರ ಅವಳಿಗೆ ಕೈ ಬಂದಿರಲಿಲ್ಲ. ಅದೊಂದು ಹಟ. ಯಾರು ಗಮನಿಸುತ್ತಾರೆ ಎಂಬ ಭಂಡಧೈರ್ಯ ಬೇರೆ.

ಹಿಂದಿನ ಸಾಲಿನಲ್ಲಿ ಅಕ್ಕ ಕುಳಿತಿದ್ದಳು. ಕಾರ್ಖಾನೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದಳು. ಆ ಸನ್ನೆಗಳನ್ನೆಲ್ಲ ಈರುಳ್ಳಿ ಹೆಚ್ಚುತ್ತ, ನಗುತ್ತ ತಂಗಿಗೆ ಹೇಳಿಕೊಟ್ಟವಳು ಅವಳೇ.

ಮಾರ್ಗದರ್ಶಕರು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದರು.

"ಹುಡುಗಿ ಒಳ್ಳೆಯವಳು ಸಾರ್. ಸ್ವಲ್ಪ ಭಯ ಜಾಸ್ತಿ. ನನ್ನ ಹೆಸರು ಬರೆಯೋಕೆ ಸಂಕೋಚ ಪಟ್ಕೊಂಡಿರ್ಬೇಕು. ಅಲ್ವೇನಮ್ಮ?"

ಪರೀಕ್ಷಕರು ನಕ್ಕರು. ಕದ್ದದ್ದೆಂದಾದರೆ ಪ್ರಬಂಧವೇ ತಿರಸ್ಕೃತ. ಸಂಕೋಚವೆಂದಾದರೆ ಬರೀ ಒಂದು ಅಡಿಟಿಪ್ಪಣಿ. ನಿಜ ಹೇಳಿದರೆ ನಂಬುವವಳು ಆ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಅವಳ ಕಡೆ ನೋಡದೆ, "ಹೌದು ಸರ್," ಎಂದಳು.

ಮುಂದಿನದೆಲ್ಲ ಸಲೀಸಾಗಿ ಮುಗಿಯಿತು. ಅಡಿಟಿಪ್ಪಣಿ ಸೇರಿಸುವ ಷರತ್ತಿನ ಮೇಲೆ ಪದವಿಗೆ ಶಿಫಾರಸು ಮಾಡಿ ಸಹಿ ಹಾಕಿದರು, ಕೈ ಕುಲುಕಿದರು. ಎಲ್ಲರೂ ಎದ್ದು ಚಹಾ ಕುಡಿಯುವಾಗ ಅಕ್ಕ ಹತ್ತಿರ ಬಂದಳು.

"ಅದು ನೀನು ಬರೆದಿದ್ದಲ್ವೇನೇ?"

"ಮೆಲ್ಲಗೆ ಮಾತಾಡಕ್ಕ. ಕೇಳಿಸುತ್ತೆ."

"ಸರಿ ಬಿಡು," ಎಂದಳು ಅಕ್ಕ. ದನಿ ತಗ್ಗಿಸಲಿಲ್ಲ. "ಹಂಗಾದ್ರೆ ನಮ್ಮ ಕಾರ್ಖಾನೇಲಿ ಹೊಲೀತಿದ್ದೋರೂ ಅವ್ರೇ ಅನ್ನು."

ಅಷ್ಟರಲ್ಲಿ ಜವಾನ ಫೋಟೋ ತೆಗೆಯಲು ಮೊಬೈಲು ಎತ್ತಿಕೊಂಡು ಬಂದ. "ಡಾಕ್ಟರಮ್ಮ, ಸಾರ್ ಪಕ್ಕಕ್ಕೆ ಬನ್ನಿ. ಇನ್ನೊಂಚೂರು ಹತ್ರ."

ಅವಳು ಹತ್ತಿರ ಸರಿದಳು. ಮಾರ್ಗದರ್ಶಕರ ಕೈ ಅವಳ ಭುಜದ ಮೇಲೆ ಬಂದು ಕೂತಿತು. ಅಕ್ಕನೋರೂ ಬರ್ಲಿ ಎಂದು ಜವಾನ ಎರಡು ಸಲ ಕರೆದ. ಅಕ್ಕ ತಿರುಗಿ ನೋಡಲಿಲ್ಲ. ಮೇಜಿನ ಮೇಲೆ ಅವರೆಲ್ಲ ಕುಡಿದು ಬಿಟ್ಟಿದ್ದ ಕಾಗದದ ಲೋಟಗಳನ್ನು ಎತ್ತಿ, ಒಂದರೊಳಗೊಂದು ಇಡುತ್ತಿದ್ದಳು.