ಸೆರಗು ಸರಿಸಿ ತೆಗೆದ ಫೋಟೋಗಳು

ನಮ್ಮವ್ವ ಕಾಂತಾಬಾಯಿಯ ನಾಲಿಗೆಗೆ ಹೆದರದವರು ಭಾಲ್ಕಿಯ ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ನಳದ ಹತ್ತಿರ ಜಗಳವಾದರೆ ಅವಳೇ ಪಂಚಾಯ್ತಿ, ಯಾರಾದರೂ ಹೆಂಡತಿಯ ಮೇಲೆ ಕೈ ಎತ್ತಿದರೆ ಅವಳೇ ಪೊಲೀಸು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹುಡುಗರು ಸುಮನ ಟೀಚರ್ ಅಂದರೆ ಗಪ್‌ಚುಪ್ ಆಗುತ್ತಾರೆ. ಮನೆಗೆ ಬಂದರೆ ನಾನೇ ಗಪ್‌ಚುಪ್. ಮದುವೆ ಬೇಡವೆಂದು ಮನೆಯಲ್ಲೇ ಉಳಿದ ಮಗಳ ಮೇಲೆ ತನಗೆ ಹಕ್ಕು ಹೆಚ್ಚು ಎಂದು ಅವ್ವ ತೀರ್ಮಾನಿಸಿದ್ದಳು.

ಭಾನುವಾರ ಬಂತೆಂದರೆ ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೀದರಿನ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಅವಿನಾಶ ಎಂಬುವವರು ನಮ್ಮಂಥ ಹವ್ಯಾಸಿಗಳನ್ನು ಕಟ್ಟಿಕೊಂಡು ಕೋಟೆಗೆ, ಅಷ್ಟೂರಿನ ಗೋರಿಗಳಿಗೆ ಕರೆದೊಯ್ಯುತ್ತಿದ್ದರು. ಕಮಾನಿನ ನೆರಳು, ಹೆಂಚಿನ ಮೇಲೆ ಉಳಿದ ನೀಲಿ ಬಣ್ಣ, ಗುಂಬಜಿನ ಬಿರುಕಲ್ಲಿ ಕೂತ ಗಿಳಿ, ಇವೇ ನನ್ನ ಫೋಟೋಗಳು. ವಾರವಿಡೀ ಉತ್ತರ ಪತ್ರಿಕೆ ತಿದ್ದಿದವಳಿಗೆ ಇದೊಂದಾದರೂ ನನ್ನದು ಅನ್ನಿಸುತ್ತಿತ್ತು.

"ಸತ್ತೋರ ಗೋರಿ ಫೋಟೋ ತಗದು ಏನ್ ಮಾಡ್ತಿ? ಇದ್ದೋರ ಮಾರಿ ನಿನ್ ಕಣ್ಣಿಗಿ ಕಾಣಂಗಿಲ್ಲೇನ?" ಎಂದು ಅವ್ವ ಗೇಲಿ ಮಾಡುತ್ತಿದ್ದಳು.

ನನಗೆ ಮೈ ಉರಿಯುತ್ತಿತ್ತು. ಮನುಷ್ಯರ ಮುಖದ ಎದುರು ಕ್ಯಾಮೆರಾ ಹಿಡಿಯುವ ಧೈರ್ಯ ನನಗಿಲ್ಲ ಎಂಬುದನ್ನು ಅವಳು ಯಾವತ್ತೋ ಕಂಡುಹಿಡಿದುಬಿಟ್ಟಿದ್ದಳು.

ಅವ್ವನಿಗೆ ಮಿಶ್ರಿಯ ಚಟವಿತ್ತು. ತಂಬಾಕು ಸುಟ್ಟು ಮಾಡಿದ ಆ ಕರಿ ಪುಡಿಯನ್ನು ಹಲ್ಲಿಗೆ ತಿಕ್ಕದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಗಲ್ಲದ ಒಳಗೆ ಹುಣ್ಣಾಯಿತು. ತಿಂಗಳುಗಟ್ಟಲೆ ಅರಿಶಿನ ಹಚ್ಚಿಕೊಂಡು ನಮ್ಮಿಂದ ಮುಚ್ಚಿಟ್ಟಳು. ಕೊನೆಗೆ ತಮ್ಮ ಕುಣಾಲ ಹೈದರಾಬಾದಿಗೆ ಕರೆದೊಯ್ದ. ಔರಾದಿನಲ್ಲಿ ಬೀಜ ಗೊಬ್ಬರದ ಅಂಗಡಿ ಇರುವ ಅವನು ಅಂಗಡಿಗೆ ಬೀಗ ಹಾಕಿ ಅಲ್ಲೇ ಉಳಿದ, ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದ, ರಕ್ತ ಕೊಟ್ಟ. ಅವನನ್ನು ಬೈಯಬೇಕಾದಾಗಲೂ ನಾನು ಅದನ್ನು ಮರೆಯುವುದಿಲ್ಲ. ವೈದ್ಯರು ಅವ್ವನ ಎಡಗಡೆಯ ಕೆಳದವಡೆ ತೆಗೆದರು, ನಾಲಿಗೆಯ ಬಹುಪಾಲು ತೆಗೆದರು. ಎದೆಯಿಂದ ಮಾಂಸ ತಂದು ಹೊಲಿದರು. ಅವಳು ಮನೆಗೆ ಬಂದಾಗ ಮುಖದ ಅರ್ಧ ಒಳಗೆ ಕುಸಿದಿತ್ತು, ತುಟಿ ಒಂದು ಕಡೆಗೆ ಎಳೆದುಕೊಂಡು ಜೊಲ್ಲು ಸೋರುತ್ತಿತ್ತು. ಮೂಗಿಗೆ ಹಾಕಿದ ನಳಿಗೆಯಲ್ಲಿ ಅಂಬಲಿ ಹಾಕಬೇಕಿತ್ತು. ಮಾತು ಹೋಗಿತ್ತು.

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಬರುತ್ತಿದ್ದರೆ ಬರೆದಾದರೂ ನನ್ನನ್ನು ಬೈಯುತ್ತಿದ್ದಳು. ಸೆರಗನ್ನು ಕಣ್ಣಿನ ಕೆಳಗಿನವರೆಗೆ ಎಳೆದುಕೊಂಡು ಬಾಗಿಲ ಎದುರಿನ ಮಂಚದ ಮೇಲೆ ಕೂತಿರುತ್ತಿದ್ದಳು. ಆ ಮೌನ ಸಹಿಸಲು ನನ್ನಿಂದಾಗಲಿಲ್ಲ. ಹಾಡು ಕೇಳಲಿ ಎಂದು ನನ್ನ ಹಳೆಯ ಮೊಬೈಲು ಕೊಟ್ಟು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಅದರ ತುಂಬ ಫೋಟೋ. ಫ್ಯಾನು, ಕಾಲ ಬೆರಳು, ಕಿಟಕಿಯ ಸರಳು, ಮತ್ತೆ ಕಾಲ ಬೆರಳು. ನನಗೆ ನಗು ಬಂತು. ಎಲ್ಲಿ ಒತ್ತಬೇಕು, ಕೈ ಹೇಗೆ ಗಟ್ಟಿ ಹಿಡಿಯಬೇಕು ಎಂದು ತೋರಿಸಿದೆ. ಅವಳು ನನ್ನ ಬೆರಳನ್ನು ಸರಿಸಿ ತಾನೇ ಒತ್ತಿದಳು.

ಮೆಹಕರದಿಂದ ನಮ್ಮ ಸೋದರಮಾವ ಕಾಶೀರಾಮ ಬಾಳೆಹಣ್ಣು ಹಿಡಿದು ಬಂದ ದಿನ ಅದು ಶುರುವಾಯಿತು. "ಏನ್ ಅಕ್ಕಾ, ಹ್ಯಾಂಗಿದ್ದಿ?" ಎಂದು ಹೊಸ್ತಿಲು ದಾಟಿದರು. ಅವ್ವ ಎಡಗೈಯಿಂದ ಸೆರಗು ಸರಿಸಿ ಮುಖ ತೋರಿಸಿದಳು, ಬಲಗೈಯಲ್ಲಿದ್ದ ಮೊಬೈಲು ಒತ್ತಿದಳು. ಮಾವನ ಕೈಯ ಬಾಳೆಹಣ್ಣು ಕೆಳಗೆ ಬಿತ್ತು.

ಅವರು ಹೋದ ಮೇಲೆ ನಾನು ಕೂಗಾಡಿದೆ. "ಅವ್ವ, ಇದೇನ್ ಹುಚ್ಚಾಟ? ಆ ಮುದುಕಂಗ ಎದಿ ಒಡದಿದ್ರ?" ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ಮೊಬೈಲು ನನ್ನ ಕಡೆ ತಿರುಗಿಸಿದಳು. ಮಾವನ ಕಣ್ಣು ಹಿಂದಕ್ಕೆ ಓಡಿಹೋಗಲು ನೋಡುತ್ತಿತ್ತು, ತುಟಿ ಮಾತ್ರ ಇನ್ನೂ ಅಕ್ಕನ ಕ್ಷೇಮ ಕೇಳುತ್ತಿತ್ತು. ಒಂದೇ ಮುಖದಲ್ಲಿ ಎರಡನ್ನೂ ಹಿಡಿದಿದ್ದಳು. ಇಷ್ಟು ವರ್ಷ ಕ್ಯಾಮೆರಾ ಹೊತ್ತ ನನ್ನ ಹತ್ತಿರ ಅಂಥದ್ದೊಂದಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲೆ ಬಂದವರನ್ನೆಲ್ಲ ಹೀಗೇ ಹಿಡಿದಳು. ಗ್ಯಾಸ್ ತರುವವನು, ಬೀಗರು, ಬೌದ್ಧ ವಿಹಾರದಿಂದ ಪಂಚಶೀಲ ಹೇಳಿಸಲು ಬಂದ ಭಂತೇಜಿ. ಒಬ್ಬರು ಗೋಡೆ ನೋಡಿದರು, ಒಬ್ಬರು ಮೂಗು ಮುಚ್ಚಿಕೊಂಡರು, ಒಬ್ಬಾಕೆಗೆ ತನ್ನ ಗಲ್ಲವನ್ನೇ ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಕುಣಾಲ ಬಂದರೆ ಅವ್ವನ ಪಾದದ ಜೊತೆ ಮಾತಾಡಿ ಹೋಗುತ್ತಿದ್ದ. ಅವನ ಫೋಟೋದಲ್ಲಿ ಬಾಗಿದ ತಲೆಯ ಬೈತಲೆ ಬಿಟ್ಟರೆ ಏನಿಲ್ಲ. ಅವನ ಹೆಂಡತಿ ಸಪನಾ ನರ್ಸು, ಆಸ್ಪತ್ರೆಯಲ್ಲಿ ದಿನಾ ರೋಗಿಗಳ ಗಾಯ ತೊಳೆಯುವವಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅಸಹ್ಯವಿತ್ತು. ಪಕ್ಕದ ಮನೆಯ ಮುನ್ನಿಬೀ ಮಾತ್ರ, "ಯಾ ಅಲ್ಲಾ, ಕಾಂತಾ, ನಿನಗ ಏನ್ ಮಾಡ್ಯಾರವ್ವಾ!" ಎಂದು ಜೋರಾಗಿ ಅತ್ತು, ಅಳುತ್ತಲೇ ಜೊಲ್ಲು ಒರೆಸಿದಳು. ಆ ಫೋಟೋ ತೆಗೆದಾದ ಮೇಲೆ ಅವ್ವ ಆಕೆಯ ಕೈ ಬಹಳ ಹೊತ್ತು ಬಿಡಲಿಲ್ಲ.

ನಾನು? ನನ್ನನ್ನು ಅವಳು ತೆಗೆಯಲಿಲ್ಲ. ಗಾಯ ತೊಳೆಯುವಾಗ ನಾನು ಹೇಗೆ ನೋಡುತ್ತೇನೆಂದು ಅವಳಿಗೆ ಫೋಟೋ ಇಲ್ಲದೆಯೂ ಗೊತ್ತಿತ್ತು.

ಇಷ್ಟೆಲ್ಲ ಮುಖಗಳ ನಡುವೆ ಅವ್ವನಿಗೆ ಬೇಕಾದದ್ದು ಒಂದೇ ಮುಖ, ಕುಣಾಲನ ಮಗಳು ಯಶೋಧರಾಳದ್ದು. ಸಪನಾಳ ನರ್ಸಿಂಗ್ ಓದು ಮುಗಿಯುವ ತನಕ ಯಶು ಬೆಳೆದದ್ದು ಅವ್ವನ ಮಡಿಲಲ್ಲಿ. ಅಜ್ಜಿಯನ್ನು ಅವಳು ಆಯಿ ಎಂದು ಕರೆಯುತ್ತಿದ್ದಳು, ಅವಳ ಗಲ್ಲದ ಮೇಲೆ ಗಲ್ಲ ಇಟ್ಟು ಮಲಗುತ್ತಿದ್ದಳು. ಈಗ ಔರಾದಿನಲ್ಲಿ ಎರಡನೇ ಇಯತ್ತೆ. ಆಪರೇಶನ್ ಆದಮೇಲೆ ಕುಣಾಲ ಅವಳನ್ನು ಒಮ್ಮೆಯೂ ಕರೆತಂದಿರಲಿಲ್ಲ. ಅವ್ವ ಅಂಗೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ತೋರಿಸುತ್ತಿದ್ದಳು, ಆಮೇಲೆ ಬಾಗಿಲ ಕಡೆ. ಇಷ್ಟೆತ್ತರದವಳು ಎಲ್ಲಿ ಎಂದು ಅರ್ಥ. "ಪರೀಕ್ಷಾ ಅದಾವ ಅವ್ವಾ," ಅನ್ನುತ್ತಿದ್ದೆ ನಾನು. ಎರಡನೇ ಇಯತ್ತೆಗೆ ಎಂಥ ಪರೀಕ್ಷೆ ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

ಅವಿನಾಶ ಅವರು ಅವ್ವನನ್ನು ನೋಡಲು ಬಂದರು, ಅವರೂ ಸಿಕ್ಕಿಬಿದ್ದರು. ತಮ್ಮ ಬೆಚ್ಚಿದ ಮುಖವನ್ನೇ ಸುಮಾರು ಹೊತ್ತು ನೋಡಿ, ಉಳಿದದ್ದನ್ನೂ ಒಂದೊಂದಾಗಿ ನೋಡಿದರು. "ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ಇಷ್ಟು ವರ್ಷ ತಗದಿದ್ದರಾಗ ಇಂಥಾದ್ದು ಒಂದೂ ಇಲ್ರಿ," ಎಂದರು. ಬೀದರಿನಲ್ಲಿ ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರದರ್ಶನ ಇಡೋಣವೆಂದು ಅವ್ವನನ್ನೇ ಕೇಳಿದರು. ಅವ್ವ ಹೂಂ ಎಂದು ತಲೆಯಾಡಿಸಿದಳು, ಮತ್ತೆ ಮತ್ತೆ ಆಡಿಸಿದಳು. ಅಷ್ಟು ಜೋರಾಗಿ ಅವಳು ಏನನ್ನಾದರೂ ಹೇಳಿ ಆರು ತಿಂಗಳಾಗಿತ್ತು. ಬೇಡ ಅನ್ನಬೇಕಾದವಳು ನಾನು. ಓಣಿಯ ಜನರನ್ನು, ನೆಂಟರನ್ನು, ಯಾರನ್ನೂ ಒಂದು ಮಾತು ಕೇಳದೆ ನಾನೇ ಪ್ರಿಂಟು ಹಾಕಿಸಿದೆ.

ಪ್ರದರ್ಶನ ನೋಡಲು ಬಂದವರಲ್ಲಿ ಸಪನಾಳ ಜೊತೆ ಕೆಲಸ ಮಾಡುವವಳೊಬ್ಬಳಿದ್ದಳು. ಮರುದಿನ ಕುಣಾಲನ ಫೋನು ಬಂತು.

"ಅಕ್ಕಾ, ನನ್ ಹೆಂಡ್ತಿ ಮಾರಿ ಗ್ವಾಡಿಗಿ ತೂಗಹಾಕೀರೇನ? ಅತ್ತಿ ನೋಡಿ ಹೇಸಕೊಂಡಾಳ ಅಂತ ಊರಿಗೆಲ್ಲಾ ಸಾರಬೇಕಾಗಿತ್ತೇನ ನಿಮಗ?"

"ಅವ್ವ ಮಾತಾಡ್ಲಿಕ್ಕ ಬ್ಯಾರೆ ಏನ್ ಉಳದದ ಕುಣಾಲ?"

"ಇದು ಮಾತಲ್ಲ, ಸೇಡು. ಯಶುನ್ನ ಕರಕೊಂಡು ಬಂದ್ರ ಅಕಿನ್ನೂ ಹಿಂಗೇ ಅಂಜಿಸಿ ಫೋಟೋ ಹಿಡೀತಾಳ. ಆ ಕೂಸು ಜನ್ಮದಾಗ ಮರಿಯಂಗಿಲ್ಲ. ನಾ ಕರಕೊಂಡು ಬರಂಗಿಲ್ಲ."

ಮೊಬೈಲು ಸ್ಪೀಕರಿನಲ್ಲಿತ್ತು. ಅವ್ವ ಎಲ್ಲ ಕೇಳಿಸಿಕೊಂಡಳು. ಮರುದಿನವೇ ನನ್ನನ್ನು ಬೀದರಿಗೆ ಅಟ್ಟಿ, ಗೋಡೆಯ ಫೋಟೋಗಳನ್ನೆಲ್ಲ ಕೆಳಗಿಳಿಸುವಂತೆ ಮಾಡಿದಳು. ಆಮೇಲೆ ಸೊಂಟದ ಎತ್ತರಕ್ಕೆ ಅಂಗೈ ಹಿಡಿಯುವುದು, ನನ್ನ ಫೋನು ತೋರಿಸುವುದು, ಕೈ ಜೋಡಿಸುವುದು. ಯಾರಿಗೂ ಕೈ ಜೋಡಿಸದಿದ್ದವಳು ನನಗೆ ಕೈ ಜೋಡಿಸಿದಳು.

ಕುಣಾಲ ಷರತ್ತು ಹಾಕಿದ. ಮುಖ ಮುಚ್ಚಿಕೊಂಡಿರಬೇಕು, ಮೊಬೈಲು ಮುಟ್ಟಬಾರದು. "ಒಪ್ಪಬ್ಯಾಡ ಅವ್ವಾ," ಎಂದೆ ನಾನು. ಅವಳು ಒಪ್ಪಿದಳು. ಬರುವ ದಿನ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಸೆರಗನ್ನು ಮೂಗಿನ ಮೇಲೆ ಎಳೆದು, ಕಿವಿಯ ಹತ್ತಿರ ತಾನೇ ಪಿನ್ನು ಹಾಕಿಕೊಂಡಳು. ಜೊಲ್ಲಿನ ವಾಸನೆ ಬರಬಾರದೆಂದು ಮುನ್ನಿಬೀಯಿಂದ ಅತ್ತರು ತರಿಸಿ ಬಟ್ಟೆಗೆ ಹಚ್ಚಿಕೊಂಡಳು.

ಯಶು ಮೊದಲು ಅಪ್ಪನ ಹಿಂದೆ ನಿಂತಳು, ಆಮೇಲೆ ಬಂದು ಮಂಚದ ತುದಿಗೆ ಕೂತಳು. "ಆಯಿ, ಕತಿ ಹೇಳ," ಎಂದಳು. ಅವ್ವ ಅವಳ ಕೂದಲು ನೇವರಿಸಿದಳು. "ನಿನಗ ಬಾಯಿ ಬ್ಯಾನಿ ಅಂತಲ್ಲ? ತೋರಸು." ಅವ್ವನ ಕೈ ಪಿನ್ನಿನ ತನಕ ಹೋಯಿತು. ಕುಣಾಲ ಕೆಮ್ಮಿದ. ಕೈ ಕೆಳಗೆ ಬಂತು. ಯಶು ಸ್ವಲ್ಪ ಹೊತ್ತು ಕಾದಳು, ಕಾಲು ಅಲ್ಲಾಡಿಸಿದಳು, ಇಳಿದು ಅಂಗಳಕ್ಕೆ ಹೋದಳು. ಚಹಾ ಮುಗಿಯುತ್ತಲೇ ಕುಣಾಲ ಎದ್ದ.

ಹೊರಗೆ ಅವನು ಬೈಕಿನ ಮುಂದೆ ಕೂರಿಸಿಕೊಳ್ಳುವಾಗ ಯಶು ಕೇಳಿದ್ದು ಒಳಗೆ ಸ್ಪಷ್ಟವಾಗಿ ಕೇಳಿಸಿತು. "ಪಪ್ಪಾ, ಆಯಿ ನನ್ ಮ್ಯಾಲ ಸಿಟ್ಟಾಗ್ಯಾಳೇನ? ಮಾತಾಡಲಿಲ್ಲ, ಮಾರೀನೂ ತೋರಸಲಿಲ್ಲ. ನಾ ಏನ್ ಮಾಡೇನಿ?"

ಅವ್ವ ಎದ್ದಳು. ಗೋಡೆ ಹಿಡಿದು ನಡೆಯುತ್ತಿದ್ದವಳು ಓಡಿದಳು. ದಿಂಬಿನ ಕೆಳಗಿದ್ದ ಮೊಬೈಲು ಯಾವಾಗ ಕೈಗೆ ಬಂತೋ ನನಗೆ ತಿಳಿಯದು. ಬಾಗಿಲಲ್ಲಿ ನಿಂತು ಸೆರಗು ಎಳೆದಳು, ಪಿನ್ನು ಬಟ್ಟೆಯನ್ನು ಹರಿದುಕೊಂಡು ಬಂತು. ಇಡೀ ಓಣಿಯ ಎದುರು ಆ ಮುಖ ಬಿಸಿಲಿಗೆ ಬಂತು. ಯಶು ತಿರುಗಿದಳು. ಅದೇ ಹೊತ್ತಿಗೆ ಕುಣಾಲ ತನ್ನ ಅಂಗೈಯಿಂದ ಮಗಳ ಕಣ್ಣು ಮುಚ್ಚಿದ. ಅವ್ವ ಒತ್ತಿದಳು. ಬೈಕಿನ ಸದ್ದಿನಲ್ಲಿ ಯಶು ಏನೋ ಕೂಗಿದಳು, ಬೈಕು ಹೋಯಿತು.

ಫೋಟೋದಲ್ಲಿ ಕುಣಾಲನ ದೊಡ್ಡ ಕೈ ಇತ್ತು, ಅದರ ಕೆಳಗೆ ತೆರೆದ ಒಂದು ಪುಟ್ಟ ಬಾಯಿ. ಕರೆಯುತ್ತಿತ್ತೋ, ಚೀರುತ್ತಿತ್ತೋ. "ಆಯಿ ಅಂತ ಕರದಾಳ ಅವ್ವಾ, ನಾ ಕೇಳೇನಿ," ಎಂದೆ. ನಾನೇನೂ ಕೇಳಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಆಮೇಲೆ ಅವಳು ಯಾರ ಫೋಟೋನೂ ತೆಗೆಯಲಿಲ್ಲ. ಎರಡು ಬೆರಳಿಂದ ಆ ಬಾಯಿಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಬರೀ ಬಣ್ಣದ ಚೌಕಗಳಾದಾಗ ಮತ್ತೆ ಚಿಕ್ಕದು ಮಾಡುತ್ತಿದ್ದಳು. ಹೊಲದಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ತೀರಿಕೊಂಡಳು.

ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿ ನಡುಮನೆಯಲ್ಲಿ ಮಲಗಿಸಿದ್ದೆವು. ಜನ ತುಂಬಿತ್ತು. ಯಾರೂ ಬಟ್ಟೆ ತೆಗೆಯಲು ಹೇಳಲಿಲ್ಲ, ಎಲ್ಲರಿಗೂ ಅದು ಹಾಗೇ ಇದ್ದರೆ ಸಾಕಾಗಿತ್ತು. ಯಶು ಅಪ್ಪನ ಕೈ ಬಿಡಿಸಿಕೊಂಡು ಬಂದು ತಲೆಯ ಹತ್ತಿರ ಕೂತಳು. ಯಾರಾದರೂ ತಡೆಯುವ ಮೊದಲೇ ಬಟ್ಟೆ ಎತ್ತಿದಳು. ಕುಣಾಲ ಎದ್ದವನು ಅಲ್ಲೇ ನಿಂತ.

ನಾನು ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಅದು ಹಿಂದೆ ಸರಿಯಲಿಲ್ಲ, ಮುದುಡಲಿಲ್ಲ. ನಿದ್ದೆಯಿಂದ ಎದ್ದು ಆಯಿಯನ್ನು ನೋಡುತ್ತಿದ್ದ ಹಾಗೇ ನೋಡಿದಳು. ಕುಸಿದ ಗಲ್ಲದ ಮೇಲೆ ಬೆರಳಿಟ್ಟಳು. ಮೊಬೈಲು ನನ್ನ ಕೈಯಲ್ಲೇ ಇತ್ತು, ಎತ್ತಲು ಕೈ ಬರಲಿಲ್ಲ. ಅದನ್ನು ನೋಡಬೇಕಾದವಳು ಕಣ್ಣು ಮುಚ್ಚಿ ಮಲಗಿದ್ದಳು.

ಯಶು ತಲೆ ಎತ್ತಿ ನನ್ನನ್ನು ಕೇಳಿದಳು. "ಅತ್ತಿ, ಆಯಿಗಿ ಇಲ್ಲಿ ಭಾಳ ನೋಯತಿತ್ತೇನ?"

ಇಷ್ಟು ಜನ ಬಂದು ಹೋದರು, ನಮ್ಮಲ್ಲಿ ಒಬ್ಬರೂ ಅವ್ವನನ್ನು ಆ ಮಾತು ಕೇಳಿರಲಿಲ್ಲ.